ಖಿನ್ನತೆ ಮತ್ತು ದಿನಚರಿ: ಒಂದು ನಮೂನೆಯ ವಿಮರ್ಶೆ

‘ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನವೂ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ತಂಬಾಕು-ಮದ್ಯ ಬಿಡಿ, ಖಿನ್ನತೆ ನಿಮ್ಮ ಹತ್ತಿರ ಸುಳಿಯದು.’ ಪ್ರತಿ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂದಾಗ ಇಂಥ ಮಾತನ್ನು ಭಿತ್ತಿಪತ್ರಗಳಲ್ಲಿ ನೀವು ಓದಿರುತ್ತೀರಿ, ಭಾಷಣಗಳಲ್ಲಿ ಕೇಳಿರುತ್ತೀರಿ. ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ವಯಸ್ಕರಲ್ಲಿ ಖಿನ್ನತೆಯೂ ಅನಾರೋಗ್ಯಕರ ಅಭ್ಯಾಸಗಳೂ ಜೊತೆಜೊತೆಯಾಗಿ ಕಂಡುಬರುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ದೃಢಪಟ್ಟಿದೆ. ಆದರೆ ಜೊತೆಗಿರುವ ಎರಡರಲ್ಲಿ ಒಂದು ಕಾರಣ, ಇನ್ನೊಂದು ಪರಿಣಾಮ ಎಂದು ತೀರ್ಮಾನಿಸುವುದಕ್ಕೆ ಬೇರೆಯೇ ಪುರಾವೆ ಬೇಕು. ಆ ಪುರಾವೆಯನ್ನು ಒಂದೊಂದು ಅಭ್ಯಾಸಕ್ಕೂ ಪ್ರತ್ಯೇಕವಾಗಿ ಕೇಳಬೇಕು.

ಈ ಪ್ರಶ್ನೆ ಪ್ರಯೋಗಾಲಯದ್ದು ಮಾತ್ರವಲ್ಲ. ಕಲಬುರಗಿ ನಗರದ ಬಡಾವಣೆಗಳಲ್ಲಿ, ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಕಮಲಾಪುರದ ಓಣಿಗಳಲ್ಲಿ, ದೇಶದ ಬೇರೆಲ್ಲ ಕಡೆಗಳಂತೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಒಂದು ನಮೂನೆ ಇದೆ. ಅದರಲ್ಲಿ ಅಭ್ಯಾಸಗಳ ಪ್ರಶ್ನೆಯೂ ಮನಸ್ಸಿನ ಪ್ರಶ್ನೆಯೂ ಒಂದೇ ಕಾಗದದ ಮೇಲೆ ಸೇರಿವೆ. ಈ ಲೇಖನದಲ್ಲಿ ಆ ನಮೂನೆಯನ್ನೇ ಎದುರಿಗಿಟ್ಟುಕೊಂಡು, ಅದು ಯಾವುದನ್ನು ಸರಿಯಾಗಿ ಅಳೆಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂದು ಪರೀಕ್ಷಿಸೋಣ.

ನಮೂನೆಯಲ್ಲಿ ಏನಿದೆ?

ಇದರ ಹೆಸರು ಸಮುದಾಯ ಆಧಾರಿತ ಮೌಲ್ಯಮಾಪನ ಪಟ್ಟಿ. ‘ಸಿಬ್ಯಾಕ್ ಫಾರಂ’ ಎಂದೇ ಬಳಕೆಯಲ್ಲಿದೆ. ಅಸಾಂಕ್ರಾಮಿಕ ರೋಗಗಳ, ಎಂದರೆ ರಕ್ತದೊತ್ತಡ, ಮಧುಮೇಹ, ಕೆಲವು ಬಗೆಯ ಕ್ಯಾನ್ಸರ್ ಮೊದಲಾದವುಗಳ ತಪಾಸಣೆಗೆ ಮೊದಲ ಮೆಟ್ಟಿಲಾಗಿ 30 ವರ್ಷ ದಾಟಿದವರಿಗಾಗಿ ಇದನ್ನು ತುಂಬಲಾಗುತ್ತದೆ. ‘ಎ’ ಭಾಗದಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಕುಟುಂಬದ ರೋಗಚರಿತ್ರೆ ಎಂಬ ಆರು ಅಂಶಗಳಿವೆ. ಪ್ರತಿಯೊಂದಕ್ಕೂ ಅಂಕ. ಒಟ್ಟು ಅಂಕ 4ನ್ನು ದಾಟಿದರೆ ಆ ವ್ಯಕ್ತಿಯನ್ನು ತಪಾಸಣೆಗೆ ಆದ್ಯತೆಯ ಮೇಲೆ ಕರೆತರಬೇಕು. ನಮೂನೆಯನ್ನು ಪರಿಷ್ಕರಿಸಿದಾಗ ಸೇರಿಸಿದ ‘ಡಿ’ ಭಾಗದಲ್ಲಿ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿತ್ತೆ? ಮನಸ್ಸು ಕುಗ್ಗಿ, ಹತಾಶೆ ಆವರಿಸಿತ್ತೆ? ‘ಇಲ್ಲವೇ ಇಲ್ಲ’ ಎಂಬುದಕ್ಕೆ 0, ‘ಹೆಚ್ಚುಕಡಿಮೆ ಪ್ರತಿದಿನ’ ಎಂಬುದಕ್ಕೆ 3. ಹೀಗೆ ಒಟ್ಟು 6 ಅಂಕ. ನಿಗದಿತ ಅಂಕ ದಾಟಿದವರನ್ನು ಆರೋಗ್ಯ ಅಧಿಕಾರಿಯ ಬಳಿಗೆ ಕಳಿಸಬೇಕು.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ರಕ್ತದೊತ್ತಡ, ಸಕ್ಕರೆಯ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಕೇಳುವ ಪರಿಪಾಠ ನಮ್ಮ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲಿ ಹೊಸದು. ಎರಡೇ ಪ್ರಶ್ನೆಗಳಾದರೂ ಅವು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳನ್ನೇ ಹಿಡಿದಿವೆ. ತೊಡಕಿರುವುದು ‘ಎ’ ಮತ್ತು ‘ಡಿ’ ಭಾಗಗಳ ನಡುವೆ ನಾವು ಎಳೆಯುವ ಗೆರೆಯಲ್ಲಿ.

ಎರಡು ಕಲ್ಪಿತ ಉದಾಹರಣೆಗಳನ್ನು ನೋಡಿ. ಕಲಬುರಗಿಯ ನೆಹರು ಗಂಜ್‌ನಲ್ಲಿ ಗದ್ದಿಗೆಯ ಮೇಲೆ ಕುಳಿತು ತೊಗರಿ ವ್ಯಾಪಾರ ಮಾಡುವ 52 ವರ್ಷದ ಒಬ್ಬರು. ವಯಸ್ಸಿಗೆ 3, ಸೊಂಟದ ಸುತ್ತಳತೆಗೆ 2, ವ್ಯಾಯಾಮವಿಲ್ಲದ್ದಕ್ಕೆ 1, ಒಟ್ಟು 6. ‘ಎ’ ಭಾಗದ ಪ್ರಕಾರ ಅವರದು ಅನಾರೋಗ್ಯಕರ ಜೀವನಶೈಲಿ. ‘ಡಿ’ ಭಾಗದಲ್ಲಿ ಅವರ ಅಂಕ ಸೊನ್ನೆ. ಇನ್ನೊಬ್ಬರು ಕಮಲಾಪುರದ ಬಳಿ ಬಾಳೆತೋಟದಲ್ಲಿ ಕೂಲಿ ಮಾಡುವ 34 ವರ್ಷದ ಹೆಣ್ಣುಮಗಳು. ವಯಸ್ಸಿಗೆ 1, ದಿನವೂ ಹಲ್ಲಿಗೆ ಹಚ್ಚುವ ಮಿಶ್ರಿಗೆ 2, ಒಟ್ಟು 3. ಸೊಂಟ ತೆಳ್ಳಗಿದೆ, ಮದ್ಯ ಮುಟ್ಟುವುದಿಲ್ಲ, ದಿನವಿಡೀ ಮೈ ಮುರಿದು ದುಡಿಯುತ್ತಾಳೆ. ‘ಎ’ ಭಾಗ ಅವಳನ್ನು ಕಡಿಮೆ ಅಪಾಯದವಳೆಂದು ಬದಿಗಿಡುತ್ತದೆ. ಆದರೆ ‘ಡಿ’ ಭಾಗದಲ್ಲಿ ಅವಳ ಅಂಕ 5. ‘ಎ’ ಭಾಗವನ್ನು ಹೃದಯ, ಸಕ್ಕರೆಯ ಕಾಯಿಲೆಗಳಿಗಾಗಿ ರೂಪಿಸಲಾಗಿದೆ, ಖಿನ್ನತೆಗಾಗಿ ಅಲ್ಲ. ಆದ್ದರಿಂದ ಇದನ್ನು ಆ ಭಾಗದ ದೋಷವೆನ್ನಲಾಗದು. ದೋಷವಿರುವುದು, ಜೀವನಶೈಲಿ ಸರಿಯಿದ್ದರೆ ಮನಸ್ಸೂ ಸರಿಯಿರುತ್ತದೆ ಎಂದುಕೊಂಡು ಮೊದಲ ಪುಟದ ಅಂಕವನ್ನೇ ನೋಡಿ ಕೊನೆಯ ಪುಟವನ್ನು ಅವಸರದಲ್ಲಿ ತುಂಬುವ ನಮ್ಮ ದೃಷ್ಟಿಯಲ್ಲಿ.

ಅಳತೆಗೋಲಿನೊಳಗೇ ಸೇರಿಕೊಂಡ ವಸ್ತು

ಖಿನ್ನತೆ ಮತ್ತು ಜೀವನಶೈಲಿಯ ನಂಟನ್ನು ಹುಡುಕುವ ಬಹುಪಾಲು ಸಮೀಕ್ಷೆಗಳು ಬಳಸುವುದು ಇನ್ನೂ ದೊಡ್ಡದಾದ ಒಂದು ಪ್ರಶ್ನಾವಳಿಯನ್ನು. ಪಿಎಚ್‌ಕ್ಯು-9 ಎಂಬ ಈ ಪ್ರಶ್ನಾವಳಿಯ ಮೌಲ್ಯವನ್ನು ಪರೀಕ್ಷಿಸಿದ ವರದಿ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ನಮೂನೆಯ ‘ಡಿ’ ಭಾಗದ ಎರಡು ಪ್ರಶ್ನೆಗಳು ಇದರ ಮೊದಲ ಎರಡು ಪ್ರಶ್ನೆಗಳೇ. ಒಟ್ಟು ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಗರಿಷ್ಠ 27 ಅಂಕ. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ ಇದೆಯೆಂದು ಪರಿಗಣಿಸುತ್ತಾರೆ.

ಈ ಒಂಬತ್ತರಲ್ಲಿ ಮೂರನೆಯದು ನಿದ್ದೆಯ ಬಗ್ಗೆ, ನಾಲ್ಕನೆಯದು ದಣಿವಿನ ಬಗ್ಗೆ, ಐದನೆಯದು ಹಸಿವಿನ ಬಗ್ಗೆ. ಈಗ ಲೆಕ್ಕ ಹಾಕಿ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ತಗಡಿನ ಮಾಡಿನ ಕೆಳಗೆ ಮಲಗುವವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ದಣಿವು, ಬಿಸಿಲಿಗೆ ಊಟ ಸೇರದು. ಈ ಮೂರಕ್ಕೇ 9 ಅಂಕ ಬೀಳಬಹುದು. ಉಳಿದ ಆರು ಪ್ರಶ್ನೆಗಳಲ್ಲಿ ಎಲ್ಲಾದರೂ ಒಂದೇ ಅಂಕ ಬಂದರೆ ಸಾಕು, ಆತ 10ರ ಗೆರೆ ತಲುಪುತ್ತಾನೆ. ಅವನಿಗೆ ಖಿನ್ನತೆ ಇರಲೂಬಹುದು, ಬರೀ ಬೇಸಿಗೆಯೂ ಇರಬಹುದು.

ಇದರಿಂದ ಇನ್ನೊಂದು ಎಡವಟ್ಟೂ ಹುಟ್ಟುತ್ತದೆ. ‘ನಿದ್ದೆ ಕೆಟ್ಟವರಲ್ಲಿ ಖಿನ್ನತೆಯ ಅಂಕ ಹೆಚ್ಚು’ ಎಂದು ಸಮೀಕ್ಷೆಯೊಂದು ವರದಿ ಮಾಡಿದರೆ, ಅದರಲ್ಲಿ ಒಂದಷ್ಟು ಪಾಲು ನಿದ್ದೆಯನ್ನು ನಿದ್ದೆಯೊಂದಿಗೇ ಹೋಲಿಸಿದ ಫಲ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಒಂದೇ ಕಲ್ಲನ್ನಿಟ್ಟು, ಎರಡೂ ಸಮ ಬಂದವೆಂದು ಬೆರಗಾದಂತೆ. ಆದ್ದರಿಂದ ಇಂಥ ವರದಿಯನ್ನು ಓದುವಾಗ ಒಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿ: ನಿದ್ದೆ, ಹಸಿವು, ದಣಿವಿನ ಅಂಕಗಳನ್ನು ತೆಗೆದುಹಾಕಿದ ಮೇಲೂ ಸಂಬಂಧ ಉಳಿಯಿತೆ? ಈ ದೃಷ್ಟಿಯಿಂದ ನಮೂನೆಯ ಎರಡು ಪ್ರಶ್ನೆಗಳು ದೊಡ್ಡ ಪ್ರಶ್ನಾವಳಿಗಿಂತ ಶುದ್ಧವಾಗಿವೆ. ಅವುಗಳಲ್ಲಿ ನಿದ್ದೆಯೂ ಇಲ್ಲ, ಹಸಿವೂ ಇಲ್ಲ.

ಆದರೆ ಅವುಗಳಿಗೆ ಭಾಷೆಯ ತೊಡಕಿದೆ. ‘ಖಿನ್ನತೆ’ ಪುಸ್ತಕದ ಪದ. ಈ ಭಾಗದ ಮಾತಿನಲ್ಲಿ ‘ಬ್ಯಾಸರ’ ಎಂದರೆ ಹೊತ್ತು ಹೋಗದ ಬೇಸರವೂ ಹೌದು, ಬದುಕೇ ಸಾಕೆನಿಸಿದ ದುಃಖವೂ ಹೌದು. ಎಷ್ಟೋ ಜನ ಮನಸ್ಸಿನ ನೋವನ್ನು ಮೈಯ ಭಾಷೆಯಲ್ಲಿ ಹೇಳುತ್ತಾರೆ: ‘ತಲಿ ಭಾರ’, ‘ಎದಿ ಉರಿ’, ‘ಕೈಕಾಲಾಗ ಶಕ್ತಿ ಇಲ್ಲ’. ಕಲಬುರಗಿ ನಗರದಲ್ಲಿ ದಖನಿ ಉರ್ದು ಮನೆಮಾತಾಗಿರುವವರು, ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಾತನಾಡುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಚ್ಚಾದ ಕನ್ನಡ ವಾಕ್ಯವನ್ನು ಹೊಸ್ತಿಲ ಬಳಿ ನಿಂತು, ಅತ್ತೆಯ ಎದುರಿಗೇ ಓದಿ ಕೇಳಿದರೆ ಬರುವ ಉತ್ತರ ಒಂದೇ: ‘ಏನಿಲ್ಲ ಬಿಡ್ರಿ, ಆರಾಮ ಅದೀನಿ.’ ನಮೂನೆಯಲ್ಲಿ ಸೊನ್ನೆ ದಾಖಲಾಗುತ್ತದೆ.

ಒಂದೊಂದು ಅಭ್ಯಾಸಕ್ಕೂ ಒಂದೊಂದು ದಾರಿ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಭ್ಯಾಸದಿಂದ ಖಿನ್ನತೆಯೋ, ಖಿನ್ನತೆಯಿಂದ ಅಭ್ಯಾಸವೋ? ಒಂದೇ ದಿನ ಎರಡನ್ನೂ ಅಳೆಯುವ ಸಮೀಕ್ಷೆ ಇದಕ್ಕೆ ಉತ್ತರ ಕೊಡಲಾರದು. ಇದಕ್ಕೆ ವಿಜ್ಞಾನಿಗಳು ಮೂರು ದಾರಿ ಹಿಡಿದಿದ್ದಾರೆ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ಯಾವುದು ಮೊದಲು ಬಂತೆಂದು ನೋಡುವುದು ಒಂದು. ಅಭ್ಯಾಸವನ್ನು ಬದಲಿಸಿ ಮನಸ್ಸು ಬದಲಾಯಿತೆ ಎಂದು ಪ್ರಯೋಗ ಮಾಡುವುದು ಎರಡನೆಯದು. ಮೂರನೆಯದು ವಂಶವಾಹಿಗಳ ನೆರವು ಪಡೆಯುವುದು. ಕೆಲವು ವಂಶವಾಹಿ ರೂಪಗಳು ಧೂಮಪಾನದಂಥ ಅಭ್ಯಾಸದ ಕಡೆಗೆ ಸ್ವಲ್ಪ ಒಲವು ತರುತ್ತವೆ. ಅವು ಹುಟ್ಟಿನಲ್ಲೇ ಚೀಟಿ ಎತ್ತಿದಂತೆ ಹಂಚಿಕೆಯಾಗಿರುವುದರಿಂದ, ಮುಂದೆ ಬರುವ ಸಾಲಸೋಲಗಳು ಅವನ್ನು ಬದಲಿಸಲಾರವು. ಹಾಗಾಗಿ ಅವುಗಳ ಮೂಲಕ ಕಾರಣದ ದಿಕ್ಕನ್ನು ಅಂದಾಜು ಮಾಡಬಹುದು.

ತಂಬಾಕು. ಸೇದುವವರನ್ನು ಕೇಳಿ ನೋಡಿ. ‘ಟೆನ್ಷನ್ ಇಳಿಸಲು’ ಎನ್ನುತ್ತಾರೆ. ಆದರೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 26 ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ, ಧೂಮಪಾನ ಬಿಟ್ಟವರಲ್ಲಿ ಖಿನ್ನತೆ, ಆತಂಕ, ಒತ್ತಡ ಮೂರೂ ಮುಂದುವರಿಸಿದವರಿಗಿಂತ ತಗ್ಗಿದ್ದವು. ವಿವರಣೆ ಕಷ್ಟವಲ್ಲ. ನಿಕೋಟಿನ್ ಇಳಿದಾಗ ಚಡಪಡಿಕೆ ಏಳುತ್ತದೆ, ಮುಂದಿನ ಬೀಡಿ ಅದನ್ನು ತಣಿಸುತ್ತದೆ. ತಾನೇ ಹೊತ್ತಿಸಿದ ಬೆಂಕಿಯನ್ನು ತಾನೇ ಆರಿಸಿ ಉಪಕಾರ ಮಾಡಿದಂತೆ ತೋರುತ್ತದೆ. 2020ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ವಂಶವಾಹಿ ವಿಶ್ಲೇಷಣೆಯಲ್ಲಿ ಬಾಣ ಎರಡೂ ಕಡೆಗೆ ಇತ್ತು: ಧೂಮಪಾನದಿಂದ ಖಿನ್ನತೆಯ ಅಪಾಯ, ಖಿನ್ನತೆಯಿಂದ ಧೂಮಪಾನದ ಅಪಾಯ. ಒಂದು ಎಚ್ಚರಿಕೆ ಅಗತ್ಯ. ಈ ಅಧ್ಯಯನಗಳೆಲ್ಲ ಸೇದುವ ತಂಬಾಕಿನವು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 8.8ರಷ್ಟು ಜನ ಸೇದುವವರಾದರೆ, ಶೇ. 16.3ರಷ್ಟು ಜನ ಜಗಿಯುವ ಅಥವಾ ಹಚ್ಚುವ ಹೊಗೆರಹಿತ ತಂಬಾಕಿನವರು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ, ಪಾನ್ ಮಸಾಲೆಯೊಂದು, ತಂಬಾಕಿನದೊಂದು ಎಂದು ಜೋಡಿ ಚೀಟಿಗಳ ರೂಪದಲ್ಲಿ ಅದು ಉಳಿಯಿತು. ನಿಕೋಟಿನ್ ಒಂದೇ ಆದ್ದರಿಂದ ಫಲವೂ ಹೋಲಬಹುದೆಂದು ಊಹಿಸಬಹುದೇ ಹೊರತು, ಸೇದುವವರ ಅಂಕಿಗಳನ್ನು ಮಿಶ್ರಿ ಹಚ್ಚುವವರಿಗೆ ಹಾಗೆಯೇ ಅಂಟಿಸಲಾಗದು.

ಮದ್ಯ. ಇಲ್ಲಿ ಕಾರಣದ ದಿಕ್ಕು ಹೆಚ್ಚು ಸ್ಪಷ್ಟ. 1988ರಲ್ಲಿ ಅಮೆರಿಕದಲ್ಲಿ ಮದ್ಯವ್ಯಸನಕ್ಕಾಗಿ ಆಸ್ಪತ್ರೆ ಸೇರಿದ 191 ಗಂಡಸರನ್ನು ಬ್ರೌನ್ ಮತ್ತು ಶುಕಿಟ್ ಗಮನಿಸಿದರು. ಆರಂಭದಲ್ಲಿ ಶೇ. 42ರಷ್ಟು ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ಮದ್ಯವಿಲ್ಲದೆ ನಾಲ್ಕು ವಾರ ಕಳೆಯುವಷ್ಟರಲ್ಲಿ ಅದು ಶೇ. 6ಕ್ಕೆ ಇಳಿಯಿತು. ಬಹುಪಾಲು ಜನರ ಖಿನ್ನತೆಯನ್ನು ಮದ್ಯವೇ ಹುಟ್ಟುಹಾಕಿತ್ತು. ಉಳಿದವರಿಗೆ ಖಿನ್ನತೆಯ ಪ್ರತ್ಯೇಕ ಚಿಕಿತ್ಸೆ ಬೇಕಿತ್ತು. ಆದರೆ ನಮ್ಮ ನಮೂನೆ ಕೇಳುವುದೇನು? ‘ದಿನವೂ ಮದ್ಯ ಸೇವಿಸುತ್ತೀರಾ?’ ಹೌದು ಅಥವಾ ಇಲ್ಲ. ವಾರದ ಬಟವಾಡೆಯ ದಿನ, ಸಂತೆಯ ದಿನ ಮೈಮರೆಯುವಷ್ಟು ಕುಡಿದು ಉಳಿದ ದಿನ ಸುಮ್ಮನಿರುವವನು ‘ಇಲ್ಲ’ ಎನ್ನುತ್ತಾನೆ. ಅದು ನಿಜವೂ ಹೌದು. ಅವನ ಅಂಕ ಸೊನ್ನೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಹೀಗಿರುವಾಗ ಕುಡಿಯುವ ದಿನಗಳೆಷ್ಟು, ಒಂದು ದಿನಕ್ಕೆ ಎಷ್ಟು ಎಂದು ಕೇಳದ ಪ್ರಶ್ನೆ ದುರ್ಬಲ ಪ್ರಶ್ನೆ. ಇನ್ನೊಂದು ಮಾತು: ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರುವ ಅಪಾಯವಿದೆ. ‘ಇವತ್ತೇ ಬಿಡು’ ಎಂದು ಹೇಳುವ ಮುನ್ನ ವೈದ್ಯರ ಬಳಿಗೆ ಕರೆದೊಯ್ಯಿರಿ.

ಚಟುವಟಿಕೆ. 2022ರಲ್ಲಿ 15 ದೀರ್ಘಕಾಲಿಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ವಾರಕ್ಕೆ ಎರಡೂವರೆ ಗಂಟೆ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ, ಏನೂ ಇಲ್ಲದವರಿಗಿಂತ, ಖಿನ್ನತೆಯ ಅಪಾಯ ಶೇ. 25ರಷ್ಟು ಕಡಿಮೆಯಿತ್ತು. ಅದರ ಅರ್ಧದಷ್ಟಕ್ಕೇ ಶೇ. 18ರಷ್ಟು ಇಳಿಕೆ ಕಂಡಿತು. 2019ರ ಒಂದು ವಂಶವಾಹಿ ಅಧ್ಯಯನದಲ್ಲಿ ಮೈಗೆ ಕಟ್ಟಿದ ಯಂತ್ರ ಅಳೆದ ಚಟುವಟಿಕೆಗೆ ರಕ್ಷಣೆಯ ಗುಣ ಕಂಡಿತು. ಜನ ತಾವೇ ಹೇಳಿದ ಚಟುವಟಿಕೆಗೆ ಕಾಣಲಿಲ್ಲ. ನಮೂನೆ ಆಧರಿಸಿರುವುದು ಜನ ತಾವೇ ಹೇಳಿದ್ದನ್ನು ಎಂಬುದನ್ನು ನೆನಪಿಡಿ.

ಇದಕ್ಕಿಂತ ಮುಖ್ಯವಾದ ತೊಡಕು ಬೇರೆ. ನಮೂನೆ ಕೇಳುವುದು ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ ಇದೆಯೇ ಎಂದು ಮಾತ್ರ. ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಬೆಳಗಿನ ತಂಪಿನಲ್ಲಿ ಗೆಳೆಯರೊಂದಿಗೆ ನಡೆಯುವವರೂ ‘ಹೌದು’, ಬಾಳೆಗೊನೆ ಹೊತ್ತು ಬಿಸಿಲಲ್ಲಿ ನಡೆಯುವವಳೂ ‘ಹೌದು’. 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಚಟುವಟಿಕೆಯನ್ನು ಬಗೆಬಗೆಯಾಗಿ ವಿಂಗಡಿಸಿ ನೋಡಿತು. ಬಿಡುವಿನ ವೇಳೆಯ ಚಟುವಟಿಕೆ ಇದ್ದವರಲ್ಲಿ ಮಾನಸಿಕ ಅಸ್ವಾಸ್ಥ್ಯ ಕಡಿಮೆಯಿತ್ತು. ದುಡಿಮೆಯ ಚಟುವಟಿಕೆ ಹೆಚ್ಚಿದ್ದವರಲ್ಲಿ ಅದು ಹೆಚ್ಚಾಗಿತ್ತು. ಸ್ನಾಯುಗಳಿಗೆ ಎರಡೂ ಒಂದೇ ಇರಬಹುದು. ಆದರೆ ತಾನಾಗಿ ಆರಿಸಿಕೊಂಡ ನಡಿಗೆಗೂ ಹೊಟ್ಟೆಪಾಡಿಗೆ ಹೊರುವ ಹೊರೆಗೂ ಮನಸ್ಸಿನ ಲೆಕ್ಕದಲ್ಲಿ ಅಂತರವಿದೆ. ಕಮಲಾಪುರದ ಕೂಲಿ ಹೆಣ್ಣುಮಗಳಿಗೆ ‘ದಿನಾ ಅರ್ಧ ಗಂಟೆ ನಡೆಯಮ್ಮ’ ಎನ್ನುವುದು ಸಲಹೆಯಲ್ಲ, ಅಣಕ.

ನಿದ್ದೆ. ಖಿನ್ನತೆ ಇಲ್ಲದ ಆದರೆ ನಿದ್ರಾಹೀನತೆ ಇದ್ದ ಜನರನ್ನು ಹಿಂಬಾಲಿಸಿದ 21 ಅಧ್ಯಯನಗಳ ವಿಶ್ಲೇಷಣೆ 2011ರಲ್ಲಿ ಬಂತು. ಅವರಲ್ಲಿ ಮುಂದೆ ಖಿನ್ನತೆ ಬರುವ ಸಂಭವ ಸುಮಾರು ಇಮ್ಮಡಿಯಾಗಿತ್ತು. 2022ರಲ್ಲಿ ಅಮೆರಿಕದಿಂದ ಬಂದ ಪ್ರಯೋಗದಲ್ಲಿ, ನಿದ್ರಾಹೀನತೆ ಇದ್ದ 291 ಹಿರಿಯರಲ್ಲಿ ಅರ್ಧದಷ್ಟು ಜನಕ್ಕೆ ಮಾತ್ರೆಯಿಲ್ಲದೆ, ವರ್ತನೆಯ ತರಬೇತಿಯಿಂದ ನಿದ್ದೆ ಸರಿಪಡಿಸಲು ಯತ್ನಿಸಲಾಯಿತು. ಮೂರು ವರ್ಷಗಳಲ್ಲಿ ಅವರ ಪೈಕಿ ಶೇ. 12ರಷ್ಟು ಜನರಿಗೆ ಖಿನ್ನತೆ ಬಂದರೆ, ನಿದ್ದೆಯ ಬಗ್ಗೆ ಸಾಮಾನ್ಯ ತಿಳಿವಳಿಕೆಯನ್ನಷ್ಟೇ ಪಡೆದವರಲ್ಲಿ ಶೇ. 26ರಷ್ಟು ಜನರಿಗೆ ಬಂತು. ಅಭ್ಯಾಸದಿಂದ ಖಿನ್ನತೆಯ ಕಡೆಗೆ ಸಾಗುವ ಬಾಣಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ. ಆದರೆ ನಮೂನೆಯ ‘ಎ’ ಭಾಗದಲ್ಲಿ ನಿದ್ದೆಯ ಪ್ರಶ್ನೆಯೇ ಇಲ್ಲ!

ಆಹಾರ. 2017ರಲ್ಲಿ ಆಸ್ಟ್ರೇಲಿಯದ 67 ಖಿನ್ನತಾ ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿ ಬಹಳ ಪ್ರಸಿದ್ಧ. ಕಾಳು, ತರಕಾರಿ, ಹಣ್ಣು, ಮೀನು, ಆಲಿವ್ ಎಣ್ಣೆಯ ಊಟಕ್ಕೆ ಬದಲಾದವರಲ್ಲಿ 12 ವಾರಗಳಲ್ಲಿ ಶೇ. 32ರಷ್ಟು ಜನ ಚೇತರಿಸಿಕೊಂಡರು. ಬರೀ ಮಾತುಕತೆಯ ಜೊತೆ ದೊರೆತವರಲ್ಲಿ ಶೇ. 8. ಆದರೆ ಸಂಖ್ಯೆ ಚಿಕ್ಕದು, ಮತ್ತು ತಾನು ಯಾವ ಗುಂಪಿನಲ್ಲಿದ್ದೇನೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. 2019ರಲ್ಲಿ ಯುರೋಪಿನ ನಾಲ್ಕು ದೇಶಗಳ 1,025 ಜನರ ಮೇಲೆ ಒಂದು ವರ್ಷ ನಡೆದ ದೊಡ್ಡ ಪ್ರಯೋಗದಲ್ಲಿ ಪೋಷಕಾಂಶದ ಗುಳಿಗೆಗಳಾಗಲಿ, ಆಹಾರಕ್ರಮದ ತರಬೇತಿಯಾಗಲಿ ಖಿನ್ನತೆ ಬರುವುದನ್ನು ತಡೆಯಲಿಲ್ಲ. ಆದ್ದರಿಂದ ‘ಈ ಆಹಾರ ತಿಂದರೆ ಖಿನ್ನತೆ ಮಾಯ’ ಎಂಬ ಜಾಹೀರಾತನ್ನು ನಂಬಬೇಡಿ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆ ಒಳ್ಳೆಯ ಊಟ. ಹೃದಯಕ್ಕೆ, ಕರುಳಿಗೆ ಒಳ್ಳೆಯದೆಂದು ಉಣ್ಣಿ, ಔಷಧವೆಂದು ಅಲ್ಲ.

ನಮೂನೆಯಲ್ಲಿಲ್ಲದ ಕಲಮು

ಅಭ್ಯಾಸವೂ ಖಿನ್ನತೆಯೂ ಒಂದನ್ನೊಂದು ಹುಟ್ಟಿಸದೆ, ಎರಡನ್ನೂ ಮೂರನೆಯದೊಂದು ಹುಟ್ಟಿಸುವುದೂ ಉಂಟು. ಕಲಬುರಗಿ ತೊಗರಿಯ ಕಣಜ. 2022-23ರ ಹಂಗಾಮಿನಲ್ಲಿ ನೆಟೆರೋಗ ತಗಲಿ ಜಿಲ್ಲೆಯ ತೊಗರಿ ದೊಡ್ಡ ಪ್ರಮಾಣದಲ್ಲಿ ಒಣಗಿಹೋಯಿತು. ಬೀಜ, ಗೊಬ್ಬರಕ್ಕೆ ಸಾಲ ತಂದ ರೈತನಿಗೆ ಅಂಥ ವರ್ಷ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬೀಡಿ ಹೆಚ್ಚುತ್ತದೆ, ಕುಡಿತವೂ ಹೆಚ್ಚಬಹುದು, ಮನಸ್ಸು ಕುಗ್ಗುತ್ತದೆ. ಆ ತಿಂಗಳು ಸಮೀಕ್ಷೆ ಮಾಡಿದವರಿಗೆ ಕೆಟ್ಟ ಅಭ್ಯಾಸ ಮತ್ತು ಖಿನ್ನತೆಯ ನಡುವೆ ಬಲವಾದ ಸಂಬಂಧ ಕಂಡೀತು. ಆದರೆ ಬೇರು ಹೊಲದಲ್ಲಿದೆ. ಬೆಳೆ ಮುಗಿದ ಮೇಲೆ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿಗೂ ಇದೇ ಮಾತು ಸಲ್ಲುತ್ತದೆ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ ಎಂಬುದು ಕಟ್ಟಡದ ಕೆಲಸದ ಜಾಗದಲ್ಲಿ ಅವರ ಆಯ್ಕೆಗೆ ಬಿಟ್ಟದ್ದಲ್ಲ.

ಇದು ಬರೀ ಊಹೆಯಲ್ಲ. ಬಡತನ ಮತ್ತು ಖಿನ್ನತೆ ಪರಸ್ಪರ ಕಾರಣವಾಗುತ್ತವೆ ಎಂದು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಮೀಕ್ಷಾ ಲೇಖನ ಪ್ರಯೋಗಗಳ ಆಧಾರದಿಂದ ತೋರಿಸಿತು. ಇಂಡೊನೇಷ್ಯದಲ್ಲಿ ಬಡ ಕುಟುಂಬಗಳಿಗೆ ನೇರ ಹಣ ನೀಡಿದ ಯೋಜನೆಯಿಂದ ಆತ್ಮಹತ್ಯೆಯ ಪ್ರಮಾಣ ಶೇ. 18ರಷ್ಟು ತಗ್ಗಿತು ಎಂಬುದು 2019ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಯಾರ ಜೀವನಶೈಲಿಯನ್ನೂ ತಿದ್ದದೆ ಬಂದ ಫಲವಿದು. ಸಾಲ, ಬೆಳೆನಷ್ಟ, ಗುಳೆ, ಮನೆಯೊಳಗಿನ ಹಿಂಸೆ: ಇವಕ್ಕೆ ನಮೂನೆಯಲ್ಲಿ ಕಲಮು ಇಲ್ಲ.

ಎಣಿಸಿದ್ದೇನು, ಬಿಟ್ಟದ್ದೇನು?

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ದೇಶದ ಪ್ರತಿ 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು, ಖಿನ್ನತೆ ಇರುವವರಲ್ಲಿ ಶೇ. 85ರಷ್ಟು ಜನ ಚಿಕಿತ್ಸೆಯಿಂದ ದೂರ ಎಂಬ ಅಂಕಿಗಳು ಅದರಿಂದ ಬಂದವು. ಆದರೆ ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇಲ್ಲಿ ಕೋಲಾರ ಜಿಲ್ಲೆಯಲ್ಲಿ ಪೂರ್ವಭಾವಿ ಪ್ರಯೋಗ ಮಾತ್ರ ನಡೆದಿತ್ತು. ಇನ್ನೊಂದು ಕಡೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾವಾರು ತಂಬಾಕು, ಮದ್ಯ, ತೂಕ, ಸಕ್ಕರೆ, ರಕ್ತದೊತ್ತಡಗಳನ್ನು ಎಣಿಸಿತು, ಖಿನ್ನತೆಯನ್ನು ಕೇಳಲಿಲ್ಲ. ಹೀಗಾಗಿ ಜಿಲ್ಲೆಯ ಅಭ್ಯಾಸಗಳು ಒಂದು ಪುಸ್ತಕದಲ್ಲಿ, ದೇಶದ ಖಿನ್ನತೆ ಇನ್ನೊಂದು ಪುಸ್ತಕದಲ್ಲಿ. ಎರಡನ್ನೂ ಒಬ್ಬನೇ ವ್ಯಕ್ತಿಯಲ್ಲಿ ಒಟ್ಟಿಗೆ ಕೇಳುವುದು ಆಶಾ ನಮೂನೆ. ಅದರ ನಿಜವಾದ ಬೆಲೆ ಇಲ್ಲಿದೆ. ಅದಕ್ಕಾಗಿಯೇ ಅದು ಇನ್ನಷ್ಟು ಚೆನ್ನಾಗಿರಬೇಕು.

ಸಲಹೆಯೋ, ಆರೋಪವೋ?

ಬಾಣವನ್ನು ಒಂದೇ ದಿಕ್ಕಿಗೆ ಎಳೆದರೆ ಆಗುವ ಹಾನಿ ಇದು: ಖಿನ್ನತೆ ಬಂದವನು ತನ್ನ ಅಶಿಸ್ತಿಗೆ ತಾನೇ ಹೊಣೆ ಎಂದಾಗುತ್ತದೆ. ಹಾಸಿಗೆಯಿಂದ ಏಳಲಾರದಿರುವುದೇ ರೋಗದ ಲಕ್ಷಣವಾಗಿರುವಾಗ ‘ಎದ್ದು ವ್ಯಾಯಾಮ ಮಾಡು’ ಎಂದರೆ, ಕಾಲು ಮುರಿದವನಿಗೆ ಓಡಿದರೆ ಕಾಲು ಗಟ್ಟಿಯಾಗುತ್ತದೆ ಎಂದಂತೆ. ಆತ ಪ್ರಯತ್ನಿಸುತ್ತಾನೆ, ಸೋಲುತ್ತಾನೆ, ತನ್ನನ್ನೇ ಹಳಿದುಕೊಳ್ಳುತ್ತಾನೆ. ಆತ್ಮನಿಂದೆ ರೋಗದ ಇನ್ನೊಂದು ಲಕ್ಷಣ. ಶೇ. 85ರಷ್ಟು ಜನ ವೈದ್ಯರ ಬಳಿ ಹೋಗದ ದೇಶದಲ್ಲಿ, ‘ಇದು ರೋಗವಲ್ಲ, ಸೋಮಾರಿತನ’ ಎಂಬ ಮಾತಿಗೆ ವಿಜ್ಞಾನದ ಮುದ್ರೆ ಒತ್ತುವುದು ತಪ್ಪು.

ಹಾಗೆಂದು ಅಭ್ಯಾಸಗಳನ್ನು ಕೈಬಿಡಬೇಕಿಲ್ಲ. ಗೋವಾದ ಪ್ರಯೋಗ ಸರಿಯಾದ ಕ್ರಮವನ್ನು ತೋರಿಸಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರತರ ಖಿನ್ನತೆಯ 495 ವಯಸ್ಕರಲ್ಲಿ ಅರ್ಧದಷ್ಟು ಜನಕ್ಕೆ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರೆಂಟು ಭೇಟಿಗಳಲ್ಲಿ ನೆರವಾದರು. ಹಿಂದೆ ಸಂತೋಷ ಕೊಡುತ್ತಿದ್ದ ಚಿಕ್ಕ ಚಿಕ್ಕ ಚಟುವಟಿಕೆಗಳನ್ನು ರೋಗಿಯೊಂದಿಗೇ ಕುಳಿತು ಗುರುತಿಸಿ, ಒಂದೊಂದಾಗಿ ದಿನಚರಿಗೆ ಮರಳಿ ತರುವುದು ಅವರ ವಿಧಾನ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿಯಂತೆ, ಮೂರು ತಿಂಗಳಲ್ಲಿ ಆ ಗುಂಪಿನ ಶೇ. 64ರಷ್ಟು ಜನ ಚೇತರಿಸಿಕೊಂಡರು. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 39. ಇಲ್ಲಿ ಚಟುವಟಿಕೆ ಆರೋಪವಲ್ಲ, ಚಿಕಿತ್ಸೆ. ಹಾಗೆ ನೋಡಿದರೆ ಇಂಥ ಕೆಲಸಕ್ಕೆ ಕಲ್ಯಾಣ ಕರ್ನಾಟಕ ಹೊಸದೇನಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೇ ಮಾನಸಿಕ ಆರೈಕೆಯ ತರಬೇತಿ ಕೊಟ್ಟಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ.

ನಮೂನೆಯನ್ನು ತಿದ್ದಲು ದೊಡ್ಡ ವೆಚ್ಚ ಬೇಕಿಲ್ಲ. ಮದ್ಯದ ಪ್ರಶ್ನೆಯಲ್ಲಿ ‘ದಿನವೂ’ ಎಂಬುದರ ಬದಲು ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಕೇಳಲಿ. ಚಟುವಟಿಕೆಯಲ್ಲಿ ದುಡಿಮೆಯನ್ನೂ ಬಿಡುವಿನದನ್ನೂ ಬೇರೆಯಾಗಿ ಬರೆದುಕೊಳ್ಳಲಿ. ನಿದ್ದೆಗೆ ಒಂದು ಪ್ರಶ್ನೆ ಸೇರಲಿ. ಕಳೆದ ವರ್ಷ ಮನೆಯಲ್ಲಿ ಸಾಲ, ಬೆಳೆನಷ್ಟ, ಸಾವುನೋವು ಆಗಿದೆಯೆ ಎಂದು ಒಂದು ಮಾತು ಕೇಳಲಿ. ಮನಸ್ಸಿನ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಅವಸರದಿಂದ ಓದದೆ, ಒಬ್ಬರೇ ಇರುವಾಗ, ಅವರ ಮನೆಮಾತಿನಲ್ಲಿ, ‘ಬ್ಯಾಸರ’ ಎಂದರೆ ಯಾವ ಬಗೆಯದು ಎಂದು ಬಿಡಿಸಿ ಕೇಳುವ ತರಬೇತಿ ಆಶಾ ಕಾರ್ಯಕರ್ತೆಯರಿಗೆ ಸಿಗಲಿ. ಅದಕ್ಕೆ ತಕ್ಕ ಸಮಯ ಮತ್ತು ಸಂಭಾವನೆಯೂ ಸಿಗಲಿ. ‘ಎ’ ಭಾಗದ ಅಂಕ ಎಷ್ಟೇ ಕಡಿಮೆಯಿರಲಿ, ‘ಡಿ’ ಭಾಗವನ್ನು ಅದರ ಪಾಡಿಗೆ ಅದನ್ನೇ ನೋಡಿ ನಿರ್ಧರಿಸಲಿ.

ಓದುಗರಾದ ನಿಮ್ಮಿಂದಲೂ ಒಂದು ಕೆಲಸವಾಗಬೇಕು. ಮನೆಯಲ್ಲಿ ಯಾರಾದರೂ ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿಯಿಲ್ಲದೆ ಕುಗ್ಗಿದ್ದರೆ, ಬೀಡಿ-ಕುಡಿತ ಇದ್ದಕ್ಕಿದ್ದಂತೆ ಹೆಚ್ಚಿಸಿಕೊಂಡಿದ್ದರೆ, ನಿದ್ದೆ ಕಳೆದುಕೊಂಡಿದ್ದರೆ, ಬುದ್ಧಿಮಾತಿನಿಂದ ಆರಂಭಿಸಬೇಡಿ. ಏನಾಗಿದೆ ಎಂದು ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಾಯಿಗೆ ಬಂದಿದ್ದರೆ ತಡಮಾಡಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ತಂಬಾಕು ಬಿಡಿಸುವುದು, ನಡಿಗೆ ಹಚ್ಚುವುದು ಆಮೇಲೆ ಆಗುವ ಕೆಲಸ. ಮನಸ್ಸು ಸ್ವಲ್ಪ ಚೇತರಿಸಿಕೊಂಡ ಮೇಲೆ ಅವುಗಳಲ್ಲಿ ಅರ್ಧದಷ್ಟನ್ನು ಅವರೇ ಮಾಡಿಕೊಂಡಾರು.